ಎನ್‌ಸಿ ಸ್ಟೇಟ್ ಹತ್ತನೇ ಸ್ಥಾನದಲ್ಲಿ: ಈ ಋತುವಿನಲ್ಲಿ ಇನ್ನು ನೋಡುವಂಥದ್ದು ಉಳಿದಿದೆಯೇ?

ಪ್ರಶ್ನೆ: ಕ್ಯಾರಿ ನಿವಾಸಿ, 10 ಮಾರ್ಚ್ 2024

ಎಲ್ಲರಿಗೂ ನಮಸ್ಕಾರ. ನಾವು ನಾರ್ತ್ ಕ್ಯಾರೊಲೈನಾದ ಕ್ಯಾರಿಯಲ್ಲಿದ್ದೇವೆ. ಮಗಳು ರ‍್ಯಾಲಿಯ ಎನ್‌ಸಿ ಸ್ಟೇಟ್ ವಿಶ್ವವಿದ್ಯಾಲಯಕ್ಕೆ ಸೇರಿದ ಮೇಲೆ ಮನೆಯವರೆಲ್ಲರೂ ಅಲ್ಲಿನ ಪುರುಷರ ಬಾಸ್ಕೆಟ್‌ಬಾಲ್ ತಂಡದ ಪಂದ್ಯಗಳನ್ನು ತಪ್ಪದೆ ನೋಡುತ್ತಿದ್ದೇವೆ. ಆಟದ ನಿಯಮಗಳು ಈಗ ಸಾಕಷ್ಟು ಪರಿಚಿತವಾಗಿವೆ. ಆದರೆ ಋತುವಿನ ಕೊನೆಗೆ ಬಂದಾಗ ಯಾವ ಗೆಲುವಿಗೆ ಎಷ್ಟು ಬೆಲೆ, ಯಾವ ಸೋಲಿನಿಂದ ಎಷ್ಟು ನಷ್ಟ ಎಂಬ ಲೆಕ್ಕಾಚಾರ ಮಾತ್ರ ನನಗೆ ಇನ್ನೂ ಹಿಡಿತಕ್ಕೆ ಸಿಕ್ಕಿಲ್ಲ.

ನಿನ್ನೆ ಪಿಟ್ (ಪಿಟ್ಸ್‌ಬರ್ಗ್ ವಿಶ್ವವಿದ್ಯಾಲಯ) ತಂಡದ ಎದುರು 81–73ರಿಂದ ಸೋಲುವುದರೊಂದಿಗೆ ನಮ್ಮ ಲೀಗ್ ಹಂತ ಮುಗಿಯಿತು. ಫ್ಲೋರಿಡಾ ಸ್ಟೇಟ್, ಯುಎನ್‌ಸಿ (ಯೂನಿವರ್ಸಿಟಿ ಆಫ್ ನಾರ್ತ್ ಕ್ಯಾರೊಲೈನಾ), ಡ್ಯೂಕ್, ಪಿಟ್ ಹೀಗೆ ಕೊನೆಯ ನಾಲ್ಕೂ ಪಂದ್ಯಗಳಲ್ಲಿ ಸೋತಿದ್ದೇವೆ. ಒಟ್ಟಾರೆ 17 ಗೆಲುವು, 14 ಸೋಲು. ನಮ್ಮ ತಂಡವಿರುವ ಎಸಿಸಿ ಕಾನ್ಫರೆನ್ಸ್ ಎಂಬ ವಿಶ್ವವಿದ್ಯಾಲಯಗಳ ಗುಂಪಿನೊಳಗೆ 9 ಗೆಲುವು, 11 ಸೋಲು. ಹದಿನೈದು ತಂಡಗಳ ನಡುವೆ ಹತ್ತನೇ ಸ್ಥಾನ. ಕಾಲೇಜು ತಂಡಗಳ ರಾಷ್ಟ್ರೀಯ ಪಂದ್ಯಾವಳಿಯಾದ ಎನ್‌ಸಿಎಎಯ ಆಸೆ ಮುಗಿಯಿತೆಂದು ಕಚೇರಿಯಲ್ಲಿ ಎಲ್ಲರೂ ಹೇಳುತ್ತಿದ್ದಾರೆ. ಮಗಳು ಮತ್ತು ಅವಳ ಗೆಳತಿಯರು ಮಾತ್ರ ಈ ವಾರ ವಾಷಿಂಗ್ಟನ್‌ನಲ್ಲಿ ನಡೆಯುವ ಎಸಿಸಿ ಪಂದ್ಯಾವಳಿಗೆ ಹೋಗಬೇಕೆಂದು ಹಟ ಹಿಡಿದಿದ್ದಾರೆ. ಬಲ್ಲವರಲ್ಲಿ ನನ್ನ ಪ್ರಶ್ನೆಯಿಷ್ಟೆ: ಹತ್ತನೇ ಸ್ಥಾನದಲ್ಲಿರುವ ತಂಡಕ್ಕೆ ಇನ್ನು ಯಾವ ದಾರಿ ಉಳಿದಿದೆ, ಮತ್ತು ಈ ಹಂತದಲ್ಲಿ ತಂಡವನ್ನು ಹಿಂಬಾಲಿಸುವವರು ಏನನ್ನು ಗಮನಿಸಬೇಕು?

ಉತ್ತರ: ಹಳೆಯ ವಿದ್ಯಾರ್ಥಿ, 10 ಮಾರ್ಚ್ 2024

ದಾರಿ ಇದೆ, ಆದರೆ ಒಂದೇ ಒಂದು. ಮಾರ್ಚ್ ತಿಂಗಳಲ್ಲಿ ಪ್ರತಿ ತಂಡಕ್ಕೂ ಎರಡು ಬೇರೆ ಬೇರೆ ಲೆಕ್ಕಗಳು ನಡೆಯುತ್ತಿರುತ್ತವೆ. ಅವೆರಡನ್ನೂ ಕಲಸಿಕೊಂಡಾಗ ಗೊಂದಲ ಹುಟ್ಟುತ್ತದೆ. ಈ ವರ್ಷದ ಎನ್‌ಸಿಎಎ ಪಂದ್ಯಾವಳಿಯಲ್ಲಿ 68 ತಂಡಗಳಿಗೆ ಅವಕಾಶವಿದ್ದು, ಅವುಗಳಲ್ಲಿ 32 ತಂಡಗಳು ತಮ್ಮ ತಮ್ಮ ಕಾನ್ಫರೆನ್ಸಿನ ಚಾಂಪಿಯನ್ ಎಂಬ ಹಕ್ಕಿನಿಂದ ನೇರವಾಗಿ ಬರುತ್ತವೆ. ಉಳಿದ 36 ತಂಡಗಳನ್ನು ಇಡೀ ಋತುವಿನ ಸಾಧನೆ ನೋಡಿ ಆಯ್ಕೆ ಸಮಿತಿ ಆರಿಸುತ್ತದೆ. ನಾಲ್ಕು ಸತತ ಸೋಲುಗಳಿಂದ ನಮಗೆ ಮುಚ್ಚಿಹೋದದ್ದು ಈ ಎರಡನೆಯ ಬಾಗಿಲು. ಮೊದಲನೆಯದು ಮಂಗಳವಾರದ ತನಕ ಎಲ್ಲರಿಗೂ ತೆರೆದಿರುತ್ತದೆ, ಏಕೆಂದರೆ ನೇರ ಪ್ರವೇಶ ಸಿಗುವುದು ಲೀಗ್ ಹಂತದ ಅಗ್ರಸ್ಥಾನಿಗೆ ಅಲ್ಲ, ಕಾನ್ಫರೆನ್ಸ್ ಪಂದ್ಯಾವಳಿಯನ್ನು ಗೆದ್ದವರಿಗೆ.

ಹಾಗಾದರೆ ಇಪ್ಪತ್ತು ಲೀಗ್ ಪಂದ್ಯಗಳಿಂದ ಏನು ಬಂತು ಎಂದರೆ, ವಿಶ್ರಾಂತಿ. ಮೊದಲ ನಾಲ್ಕು ಸ್ಥಾನ ಪಡೆದ ಯುಎನ್‌ಸಿ, ಡ್ಯೂಕ್, ವರ್ಜೀನಿಯಾ ಮತ್ತು ಪಿಟ್ ತಂಡಗಳು ಗುರುವಾರ ಅಂಗಣಕ್ಕಿಳಿಯುತ್ತವೆ, ಮೂರು ಪಂದ್ಯ ಗೆದ್ದರೆ ಸಾಕು. ಐದರಿಂದ ಒಂಬತ್ತರವರೆಗಿನವರಿಗೆ ಬುಧವಾರ ಆರಂಭ, ನಾಲ್ಕು ಗೆಲುವು ಬೇಕು. ಹತ್ತರಿಂದ ಹದಿನೈದರವರೆಗಿನವರು ಮಂಗಳವಾರವೇ ಆಡಬೇಕು. ಪ್ರಶಸ್ತಿ ಬೇಕೆಂದರೆ ಐದು ದಿನಗಳಲ್ಲಿ ಐದು ಪಂದ್ಯಗಳನ್ನು ಗೆಲ್ಲಬೇಕು. ಎಸಿಸಿಯಲ್ಲಿ ಇದುವರೆಗೆ ಯಾರೂ ಹಾಗೆ ಗೆದ್ದಿಲ್ಲ.

ಆದರೂ ನಮ್ಮ ವಿಶ್ವವಿದ್ಯಾಲಯದ ಚರಿತ್ರೆ ಬಲ್ಲವರು ಈ ಪಂದ್ಯಾವಳಿಯನ್ನು ಹಗುರವಾಗಿ ನೋಡುವುದಿಲ್ಲ. 1974ರಲ್ಲಿ ಕಾನ್ಫರೆನ್ಸಿನಿಂದ ಒಂದೇ ತಂಡ ಎನ್‌ಸಿಎಎಗೆ ಹೋಗುವ ನಿಯಮವಿತ್ತು. ಆ ವರ್ಷದ ಎಸಿಸಿ ಫೈನಲ್‌ನಲ್ಲಿ ಡೇವಿಡ್ ಥಾಮ್ಸನ್ ಇದ್ದ ನಮ್ಮ ತಂಡ ಹೆಚ್ಚುವರಿ ಅವಧಿಯಲ್ಲಿ ಮೇರಿಲ್ಯಾಂಡ್ ತಂಡವನ್ನು 103–100ರಿಂದ ಸೋಲಿಸಿ, ಮುಂದೆ ರಾಷ್ಟ್ರೀಯ ಪ್ರಶಸ್ತಿಯನ್ನೂ ಗೆದ್ದಿತು. ಅಂಥ ಬಲಿಷ್ಠ ಮೇರಿಲ್ಯಾಂಡ್ ಮನೆಯಲ್ಲೇ ಉಳಿಯಬೇಕಾಯಿತು. ಮರುವರ್ಷದಿಂದ ಪಂದ್ಯಾವಳಿಯನ್ನು ಹಿಗ್ಗಿಸಿ, ಒಂದು ಕಾನ್ಫರೆನ್ಸಿನಿಂದ ಒಂದಕ್ಕಿಂತ ಹೆಚ್ಚು ತಂಡಗಳಿಗೆ ಅವಕಾಶ ಕೊಟ್ಟರು. 1983ರಲ್ಲಿ ತರಬೇತುದಾರ ಜಿಮ್ ವಲ್ವಾನೊ ಅವರ ನಮ್ಮ ತಂಡವೂ ಹತ್ತು ಸೋಲುಗಳ ಹೊರೆ ಹೊತ್ತುಕೊಂಡೇ ಎಸಿಸಿ ಗೆದ್ದು, ಕೊನೆಗೆ ಹ್ಯೂಸ್ಟನ್ ತಂಡವನ್ನು 54–52ರಿಂದ ಸೋಲಿಸಿ ರಾಷ್ಟ್ರೀಯ ಚಾಂಪಿಯನ್ ಆಯಿತು. ನಾವು ಕೊನೆಯ ಸಲ ಎಸಿಸಿ ಗೆದ್ದದ್ದು 1987ರಲ್ಲಿ. ಮಗಳು ಹೋಗುತ್ತೇನೆಂದರೆ ದಯವಿಟ್ಟು ಕಳುಹಿಸಿಕೊಡಿ.

ಉತ್ತರ: ಅಂಕಪಟ್ಟಿ, ಬೆಂಗಳೂರು, 11 ಮಾರ್ಚ್ 2024

ಆಯ್ಕೆ ಸಮಿತಿಯ ಬಾಗಿಲು ಏಕೆ ಮುಚ್ಚಿತು ಎಂಬುದನ್ನು ಸ್ವಲ್ಪ ವಿವರಿಸುತ್ತೇನೆ. ನಮ್ಮ ಐಪಿಎಲ್‌ನಲ್ಲಿ ಅಂಕಪಟ್ಟಿಯ ಮೊದಲ ನಾಲ್ಕು ಸ್ಥಾನಗಳಲ್ಲಿದ್ದರೆ ಮುಂದಿನ ಹಂತ ಖಚಿತ, ಯಾರ ಮೇಲೆ ಗೆದ್ದಿರೆಂದು ಯಾರೂ ಕೇಳುವುದಿಲ್ಲ. ಅಮೆರಿಕದ ಕಾಲೇಜು ಬಾಸ್ಕೆಟ್‌ಬಾಲ್‌ನಲ್ಲಿ ಮುನ್ನೂರೈವತ್ತಕ್ಕೂ ಹೆಚ್ಚು ತಂಡಗಳಿದ್ದು, ಎಲ್ಲರೂ ಎಲ್ಲರೊಡನೆ ಆಡುವುದು ಸಾಧ್ಯವಿಲ್ಲದ ಕಾರಣ, ಎದುರಾಳಿ ಯಾರು ಮತ್ತು ಪಂದ್ಯ ಎಲ್ಲಿ ನಡೆಯಿತು ಎಂಬುದೇ ಮುಖ್ಯವಾಗುತ್ತದೆ. ಇದಕ್ಕಾಗಿ 2018–19ರ ಋತುವಿನಿಂದ ‘ನೆಟ್’ ಎಂಬ ಶ್ರೇಯಾಂಕ ಪದ್ಧತಿಯನ್ನು ಬಳಸುತ್ತಿದ್ದಾರೆ. ಅದರ ಆಧಾರದ ಮೇಲೆ ಪಂದ್ಯಗಳನ್ನು ನಾಲ್ಕು ದರ್ಜೆಗಳಾಗಿ ವಿಂಗಡಿಸುತ್ತಾರೆ. ತವರಿನಲ್ಲಿ ಮೊದಲ 30ರೊಳಗಿನ ತಂಡ, ತಟಸ್ಥ ಅಂಗಣದಲ್ಲಿ ಮೊದಲ 50ರೊಳಗಿನ ತಂಡ, ಎದುರಾಳಿಯ ಅಂಗಣದಲ್ಲಿ ಮೊದಲ 75ರೊಳಗಿನ ತಂಡ, ಇವುಗಳ ಜೊತೆ ಆಡಿದ ಪಂದ್ಯ ಮೊದಲ ದರ್ಜೆಯದು. ಸಮಿತಿಯವರು ಮೊದಲು ಹುಡುಕುವುದು ಈ ದರ್ಜೆಯ ಗೆಲುವುಗಳನ್ನು. ಎನ್‌ಸಿ ಸ್ಟೇಟ್ ತಂಡದ ಬಳಿ ಅವು ಸಾಕಷ್ಟಿಲ್ಲ.

ಐದು ದಿನಗಳಲ್ಲಿ ಐದು ಗೆಲುವು ಎಂಬ ಮಾತನ್ನು ನಾನು ಹಳೆಯ ವಿದ್ಯಾರ್ಥಿಯವರಷ್ಟು ಭರವಸೆಯಿಂದ ಹೇಳಲಾರೆ. 2011ರಲ್ಲಿ ಕನೆಟಿಕಟ್ ತಂಡ ಬಿಗ್ ಈಸ್ಟ್ ಕಾನ್ಫರೆನ್ಸಿನೊಳಗೆ 9–9 ಎಂಬ ಸಾಧಾರಣ ಸಾಧನೆಯೊಂದಿಗೆ ಬಂದು, ಐದು ದಿನಗಳಲ್ಲಿ ಐದನ್ನೂ ಗೆದ್ದು, ಮುಂದೆ ರಾಷ್ಟ್ರೀಯ ಪ್ರಶಸ್ತಿಯನ್ನೂ ತನ್ನದಾಗಿಸಿಕೊಂಡದ್ದು ನಿಜ. ಆದರೆ ಆ ತಂಡದಲ್ಲಿ ಕೆಂಬಾ ವಾಕರ್ ಅವರಂಥ ತಾರಾ ಆಟಗಾರ ಇದ್ದರು. ಇಲ್ಲಿ ನಾಲ್ಕನೆಯ ದಿನಕ್ಕೆ ಕಾಲುಗಳೇ ಮಾತು ಕೇಳುವುದಿಲ್ಲ. ಎದುರಾಳಿಗಳು ಗುರುವಾರದ ತನಕ ವಿಶ್ರಮಿಸಿದವರಾಗಿರುತ್ತಾರೆ. ಮಂಗಳವಾರ ಲೂಯಿವಿಲ್ ಎದುರು, ಬುಧವಾರ ಸಿರಾಕ್ಯೂಸ್ ಎದುರು ಗೆಲ್ಲಬಹುದು. ಗುರುವಾರ ಡ್ಯೂಕ್ ಸಿಗುತ್ತದೆ. ಇದೇ ಡ್ಯೂಕ್ ಕಳೆದ ಸೋಮವಾರ ರ‍್ಯಾಲಿಗೇ ಬಂದು 79–64ರಿಂದ ಗೆದ್ದು ಹೋಗಿದೆ.

ಉತ್ತರ: ಮೈಸೂರಿನ ಆಟಗಾರ್ತಿ, 12 ಮಾರ್ಚ್ 2024

ವಿಶ್ವವಿದ್ಯಾಲಯ ಮಟ್ಟದಲ್ಲಿ ಆಡಿದ ಅನುಭವದಿಂದ ಎರಡನೆಯ ಪ್ರಶ್ನೆಗೆ ಉತ್ತರಿಸುತ್ತೇನೆ. ಈ ಹಂತದಲ್ಲಿ ಅಂಕಗಳಿಗಿಂತ ಆಟದ ರೀತಿಯನ್ನು ನೋಡಿ. ನಿಮ್ಮ ತಂಡದಲ್ಲಿ ಅದಕ್ಕೆ ಅತ್ಯುತ್ತಮ ಅವಕಾಶವಿದೆ, ಏಕೆಂದರೆ ಡಿ.ಜೆ. ಬರ್ನ್ಸ್ ಅವರಂಥ ಆಟಗಾರ ಇಂದಿನ ಕಾಲೇಜು ಬಾಸ್ಕೆಟ್‌ಬಾಲ್‌ನಲ್ಲಿ ಅಪರೂಪ. ಆರಡಿ ಒಂಬತ್ತಿಂಚು ಎತ್ತರ, 275 ಪೌಂಡ್ ತೂಕ, ಎಡಗೈ ಆಟಗಾರ. ಚೆಂಡು ಹಾಕುವ ಬಳೆಗೆ ಬೆನ್ನು ಮಾಡಿ ನಿಂತು ಚೆಂಡು ತರಿಸಿಕೊಳ್ಳುತ್ತಾರೆ. ಅವಸರವಿಲ್ಲದೆ ಚೆಂಡು ಪುಟಿಸುತ್ತ, ಭುಜ ಮತ್ತು ಸೊಂಟದ ಬಲದಿಂದ ಎದುರಾಳಿಯನ್ನು ಒಂದೊಂದೇ ಹೆಜ್ಜೆ ಹಿಂದಕ್ಕೆ ತಳ್ಳುತ್ತಾರೆ. ಜಾಗ ಸಿಕ್ಕ ಕ್ಷಣ ಮೈ ತಿರುಗಿಸಿ ಎಡಗೈಯಿಂದ ಮೆಲ್ಲಗೆ ಚೆಂಡು ಹಾಕುತ್ತಾರೆ. ಅದನ್ನು ತಡೆಯಲು ಎದುರಾಳಿಗಳು ಇನ್ನೊಬ್ಬನನ್ನು ಕಳುಹಿಸಿದರೆ ಅವರ ನಿಜವಾದ ಆಟ ಶುರುವಾಗುತ್ತದೆ, ಏಕೆಂದರೆ ಅಷ್ಟು ಭಾರದ ದೇಹದ ಆಟಗಾರನಿಂದ ನಿರೀಕ್ಷಿಸಲಾಗದಷ್ಟು ನಿಖರವಾಗಿ ಅವರು ಮೂಲೆಯಲ್ಲಿ ನಿಂತವನಿಗೆ ಚೆಂಡು ಕೊಡಬಲ್ಲರು. ಹಾಗಾಗಿ ಪ್ರತಿ ಪಂದ್ಯದ ಮೊದಲ ಐದು ನಿಮಿಷಗಳಲ್ಲಿ ಗಮನಿಸಬೇಕಾದದ್ದು, ಎರಡನೆಯ ರಕ್ಷಕ ಯಾವ ಕಡೆಯಿಂದ ಬರುತ್ತಾನೆ ಮತ್ತು ಅವನು ಬಿಟ್ಟು ಬಂದ ಆಟಗಾರ ಸಿಕ್ಕ ಚೆಂಡನ್ನು ಬಳೆಗೆ ಹಾಕುತ್ತಾನೆಯೇ ಎಂಬುದನ್ನು.

ಮೊಹಮದ್ ಡಿಯಾರಾ ಅವರನ್ನೂ ಗಮನಿಸಿ. ಫ್ರಾನ್ಸಿನಿಂದ ಬಂದ ಇವರು ರಂಜಾನ್ ಉಪವಾಸದಲ್ಲಿದ್ದುಕೊಂಡೇ ಆಡುತ್ತಿದ್ದಾರೆ. ಬಳೆಗೆ ತಾಗಿ ಮರಳಿದ ಚೆಂಡಿಗಾಗಿ ಇಂಥ ಸ್ಥಿತಿಯಲ್ಲೂ ಹಾಗೆ ಜಿಗಿಯುವುದೆಂದರೆ ಸಾಮಾನ್ಯ ಮಾತಲ್ಲ. ಲೀಗ್ ಪಟ್ಟಿಯಲ್ಲಿ ಇದಕ್ಕೆ ಕಾಲಂ ಇಲ್ಲ, ಆದರೆ ಮಾರ್ಚ್ ತಿಂಗಳಲ್ಲಿ ಪಂದ್ಯಗಳು ತಿರುಗುವುದು ಇಂಥವರಿಂದ.

ಪ್ರತಿಕ್ರಿಯೆ: ಕ್ಯಾರಿ ನಿವಾಸಿ, 16 ಮಾರ್ಚ್ 2024

ಎಲ್ಲರಿಗೂ ಧನ್ಯವಾದಗಳು. ಮಗಳು ಗೆಳತಿಯರೊಡನೆ ಕಾರಿನಲ್ಲಿ ವಾಷಿಂಗ್ಟನ್‌ಗೆ ಹೋದಳು. ಲೂಯಿವಿಲ್ ಮೇಲೆ 94–85, ಸಿರಾಕ್ಯೂಸ್ ಮೇಲೆ 83–65, ಆಮೇಲೆ ನಾವು ಯಾರೂ ಎಣಿಸಿರದಂತೆ ಡ್ಯೂಕ್ ಮೇಲೆ 74–69! ಹತ್ತು ದಿನಗಳ ಹಿಂದೆ ನಮ್ಮ ಮನೆಯಂಗಳದಲ್ಲೇ ನಮ್ಮನ್ನು ಹದಿನೈದು ಅಂಕಗಳಿಂದ ಸೋಲಿಸಿದ ತಂಡವದು.

ನಿನ್ನೆಯ ಸೆಮಿಫೈನಲ್‌ನ ಕೊನೆಯ ಕ್ಷಣಗಳನ್ನು ಬರೆಯದೆ ಇರಲಾರೆ. ವರ್ಜೀನಿಯಾ ಮೂರು ಅಂಕ ಮುಂದಿತ್ತು, ಕೆಲವೇ ಸೆಕೆಂಡುಗಳು ಉಳಿದಿದ್ದವು, ಫ್ರೀ ಥ್ರೋ ಅವರದ್ದೇ ಆಗಿತ್ತು. ಎದುರಾಳಿಯ ಫೌಲುಗಳು ಏಳಾದ ಮೇಲೆ ಸಿಗುವ ಈ ಅವಕಾಶದಲ್ಲಿ ಮೊದಲ ಎಸೆತ ಒಳಗೆ ಹೋದರೆ ಮಾತ್ರ ಎರಡನೆಯದು ಸಿಗುತ್ತದೆ, ಮೊದಲನೆಯದೇ ತಪ್ಪಿತು. ನಮ್ಮ ತಂಡದ ಮೈಕೆಲ್ ಓಕಾನಲ್ ಚೆಂಡು ಹಿಡಿದು ಅಂಗಣದುದ್ದಕ್ಕೂ ಓಡಿ ಮೂರು ಅಂಕದ ಗೆರೆಯಾಚೆಯಿಂದ ಎಸೆದರು. ಸಮಯ ಮುಗಿದ ಸದ್ದಾಗುತ್ತಿರುವಾಗ ಚೆಂಡು ಹಲಗೆಗೆ ಬಡಿದು ಬಳೆಯೊಳಕ್ಕೆ ಇಳಿಯಿತು, 58–58. ಹೆಚ್ಚುವರಿ ಅವಧಿಯಲ್ಲಿ ವರ್ಜೀನಿಯಾ ಮತ್ತೆ ಚೇತರಿಸಿಕೊಳ್ಳಲಿಲ್ಲ, 73–65ರಿಂದ ಗೆದ್ದೆವು. ಇಂದು ರಾತ್ರಿ ಎಂಟೂವರೆಗೆ ಯುಎನ್‌ಸಿ ಎದುರು ಫೈನಲ್. ಬೆಂಗಳೂರಿನವರಿಗೆ ಅದು ಭಾನುವಾರ ಬೆಳಗಿನ ಆರು ಗಂಟೆ. ಅಂಕಪಟ್ಟಿಯವರು ದಯವಿಟ್ಟು ಎಚ್ಚರವಾಗಿರಬೇಕು.

ಪ್ರತಿಕ್ರಿಯೆ: ಅಂಕಪಟ್ಟಿ, ಬೆಂಗಳೂರು, 17 ಮಾರ್ಚ್ 2024

ಎಚ್ಚರವಾಗಿದ್ದೆ, ಕೊನೆಯ ಸೆಕೆಂಡಿನವರೆಗೂ ನೋಡಿದೆ. 84–76. ಡಿ.ಜೆ. ಹಾರ್ನ್ 29 ಅಂಕ, ಬರ್ನ್ಸ್ 20 ಅಂಕ. ಅಗ್ರ ಶ್ರೇಯಾಂಕದ ತಂಡ ವಿಶ್ರಾಂತಿ ಪಡೆದು ಬಂದಿದ್ದರೂ, ಐದನೆಯ ದಿನದ ದ್ವಿತೀಯಾರ್ಧದಲ್ಲಿ ದಣಿದವರಂತೆ ಕಂಡದ್ದು ಅವರೇ. ರ‍್ಯಾಲಿಯಲ್ಲೇ ಬೆಳೆದ ಹಾರ್ನ್ ಅವರು ಊರಿನ ತಂಡಕ್ಕೆ ಈ ಪ್ರಶಸ್ತಿ ತಂದುಕೊಟ್ಟದ್ದು ನನಗೆ ವಿಶೇಷ ಸಂತೋಷ ಕೊಟ್ಟಿತು. ಬರ್ನ್ಸ್ ಪಂದ್ಯಾವಳಿಯ ಶ್ರೇಷ್ಠ ಆಟಗಾರ.

ಪ್ರತಿಕ್ರಿಯೆ: ಹಳೆಯ ವಿದ್ಯಾರ್ಥಿ, 18 ಮಾರ್ಚ್ 2024

ಮೂವತ್ತೇಳು ವರ್ಷಗಳ ನಂತರ ಎಸಿಸಿ ಪ್ರಶಸ್ತಿ ಬಂದಿದೆ. ಈ ಸಂಭ್ರಮದ ನಡುವೆಯೂ, ನಿನ್ನೆ ಸಂಜೆ ಆಯ್ಕೆ ಸಮಿತಿ ಪ್ರಕಟಿಸಿದ ಪಟ್ಟಿಯನ್ನು ಸಾವಧಾನವಾಗಿ ನೋಡುವುದು ಒಳ್ಳೆಯದು, ಏಕೆಂದರೆ ಈ ಚರ್ಚೆಯಲ್ಲಿ ಬಂದ ಎರಡೂ ಲೆಕ್ಕಗಳು ಅದರಲ್ಲಿ ಒಟ್ಟಿಗೆ ಕಾಣುತ್ತವೆ. ಎಸಿಸಿಯಿಂದ ಐದು ತಂಡಗಳು ಹೋಗಿವೆ: ಯುಎನ್‌ಸಿ, ಡ್ಯೂಕ್, ಕ್ಲೆಮ್ಸನ್, ವರ್ಜೀನಿಯಾ ಮತ್ತು ನಾವು. ಲೀಗ್ ಹಂತದಲ್ಲಿ ನಾಲ್ಕನೆಯ ಸ್ಥಾನ ಪಡೆದು, ಒಟ್ಟು 22 ಪಂದ್ಯ ಗೆದ್ದು, ನಮ್ಮನ್ನೂ ಸೋಲಿಸಿದ್ದ ಪಿಟ್ ತಂಡಕ್ಕೆ ಅವಕಾಶವಿಲ್ಲ. ವಾಷಿಂಗ್ಟನ್‌ನಲ್ಲಿ ಮೊದಲ ಪಂದ್ಯದಲ್ಲೇ ಬಾಸ್ಟನ್ ಕಾಲೇಜಿಗೆ ಸೋತ ಕ್ಲೆಮ್ಸನ್‌ಗೆ ಮಾತ್ರ ಎನ್‌ಸಿಎಎ ಪಂದ್ಯಾವಳಿಯ ತನ್ನ ವಿಭಾಗದಲ್ಲಿ ಆರನೆಯ ಶ್ರೇಯಾಂಕ. ಕಾನ್ಫರೆನ್ಸಿನ ಹೊರಗೆ ಕ್ಲೆಮ್ಸನ್ ಗಳಿಸಿದ್ದ ಗೆಲುವುಗಳಿಗೆ ತೂಕವಿತ್ತು. ಆ ಭಾಗದಲ್ಲಿ ಪಿಟ್ ತಂಡದ ವೇಳಾಪಟ್ಟಿ ದುರ್ಬಲವಾಗಿತ್ತು.

ನಾವು ಪ್ರಶಸ್ತಿ ಗೆಲ್ಲದೆ ಹೋಗಿದ್ದರೆ ಸಮಿತಿಯ ಕೈಯಲ್ಲಿ ಆಯ್ಕೆಗೆ ಇನ್ನೊಂದು ಸ್ಥಾನ ಉಳಿದಿರುತ್ತಿತ್ತು. ಪಟ್ಟಿಯ ಅಂಚಿನಲ್ಲಿದ್ದ ಯಾವುದೋ ಒಂದು ತಂಡ ನಮ್ಮಿಂದಾಗಿ ಹೊರಗುಳಿದಿದೆ. 28 ಪಂದ್ಯ ಗೆದ್ದೂ ಹೊರಗುಳಿದ ಇಂಡಿಯಾನಾ ಸ್ಟೇಟ್ ತಂಡದ ಬಗ್ಗೆ ನನಗೆ ನಿಜವಾಗಿಯೂ ಮರುಕವಿದೆ. ಆದರೆ ನಿಯಮ ಎಲ್ಲರಿಗೂ ಮೊದಲೇ ಗೊತ್ತಿತ್ತು, ಮತ್ತು ಐದು ದಿನಗಳಲ್ಲಿ ಐದು ತಂಡಗಳನ್ನು, ಅವುಗಳಲ್ಲಿ ಮೊದಲ ಮೂರು ಸ್ಥಾನಗಳ ತಂಡಗಳನ್ನೂ, ಸೋಲಿಸಿದವರಿಗೆ ಈ ಸ್ಥಾನ ಸಲ್ಲಬೇಕಾದದ್ದೇ ಎಂಬುದು ನನ್ನ ದೃಢ ಅಭಿಪ್ರಾಯ.

ಕ್ಯಾರಿ ನಿವಾಸಿಯವರೇ, ನಮಗೆ ದಕ್ಷಿಣ ವಿಭಾಗದಲ್ಲಿ ಹನ್ನೊಂದನೆಯ ಶ್ರೇಯಾಂಕ ಸಿಕ್ಕಿದೆ. ಗುರುವಾರ ಪಿಟ್ಸ್‌ಬರ್ಗ್‌ನಲ್ಲಿ ಆರನೆಯ ಶ್ರೇಯಾಂಕದ ಟೆಕ್ಸಸ್ ಟೆಕ್ ಎದುರಾಗುತ್ತದೆ. ನಡುವೆ ನಾಲ್ಕು ದಿನಗಳ ಬಿಡುವು ಸಿಕ್ಕಿರುವುದರಿಂದ ದಣಿವಿನ ಚಿಂತೆ ಅಷ್ಟಾಗಿ ಇಲ್ಲ. ಬರ್ನ್ಸ್ ಅವರಿಗೆ ಮೊದಲರ್ಧದಲ್ಲಿ ಎರಡು ಫೌಲ್ ಬೀಳದಂತೆ ತರಬೇತುದಾರ ಕೆವಿನ್ ಕೀಟ್ಸ್ ಹೇಗೆ ನೋಡಿಕೊಳ್ಳುತ್ತಾರೆ ಎಂಬುದನ್ನು ನಾನಂತೂ ಮೊದಲು ನೋಡುತ್ತೇನೆ. ಮಗಳು ಮತ್ತೆ ಹೊರಟರೆ ಪಿಟ್ಸ್‌ಬರ್ಗ್‌ನ ದಾರಿ ವಾಷಿಂಗ್ಟನ್‌ಗಿಂತ ಬಹಳ ಉದ್ದ, ರಾತ್ರಿ ಕಾರು ಓಡಿಸಬೇಡವೆಂದು ಹೇಳಿ.