ಬಾನೆಟ್ ಮೇಲೆ ಹಕ್ಕಿ ಹಿಕ್ಕೆ: ತೊಳೆದರೂ ಮಂಕು ಗುರುತು ಹೋಗ್ತಿಲ್ಲ

ಅತ್ತಿಮರದಡಿ
ಕಡುನೀಲಿ ಮೆಟಾಲಿಕ್ ಕಾರು, ಕಂಪನಿ ಪೇಂಟು, ಯಾವ ಕೋಟಿಂಗೂ ಇಲ್ಲ. ಹಿಕ್ಕೆ ಮೂರ್ನಾಲ್ಕು ದಿನ ಬಿಸಿಲಲ್ಲಿ ಒಣಗಿತ್ತು. ಶಾಂಪೂ ಹಾಕಿ ತೊಳೆದ ಮೇಲೂ ಎಂಟಾಣೆ ಅಗಲದ ಮಂಕು ಗುರುತು ಉಳಿದಿದೆ. ನೇರ ನೋಡಿದರೆ ಅಷ್ಟಾಗಿ ಕಾಣಲ್ಲ, ಓರೆಯಾಗಿ ನೋಡಿದರೆ ಸುಕ್ಕುಗಟ್ಟಿದ ಹಾಗಿದೆ. ಉಗುರಿಗೆ ಸಿಗ್ತಿಲ್ಲ. ಕಾಂಪೌಂಡ್ (ಪೇಂಟಿನ ಮೈ ಸವೆಸೋ ಒರಟು ಪಾಲಿಶ್) ಹಾಕಿ ಉಜ್ಜಬಹುದಾ, ಇಲ್ಲ ಬಾನೆಟ್ಟೇ ಪೇಂಟ್ ಮಾಡಿಸಬೇಕಾ? ಪಾರ್ಕಿಂಗ್ ಅತ್ತಿ ಮರದ ಕೆಳಗೇ, ಬೇರೆ ಜಾಗ ಇಲ್ಲ.

ಪೇಂಟ್‌ಬೂತ್
ಪೇಂಟಿನ ಮಾತು ಸದ್ಯಕ್ಕೆ ಬೇಡ ಸಾರ್. ಕಾರ್ಖಾನೆಯಲ್ಲಿ ಸುಮಾರು 140 ಡಿಗ್ರಿಯಲ್ಲಿ ಬೇಯಿಸಿದ ಪೇಂಟು ಅದು. ಹೊರಗಿನ ಪೇಂಟ್ ಬೂತಿನಲ್ಲಿ 60 ಡಿಗ್ರಿ ಆಸುಪಾಸಿಗಷ್ಟೇ ಕಾಯಿಸೋದು, ಅಷ್ಟು ಗಟ್ಟಿ ಬರಲ್ಲ. ಒಂದು ಕಲೆಗೋಸ್ಕರ ಅದನ್ನು ಕಳಕೊಳ್ಳೋದು ದಂಡ.

ಈಗ ಕಾಣ್ತಿರೋದು ಮೇಲೆ ಅಂಟಿದ ಕೊಳೆ ಅಲ್ಲ, ಕ್ಲಿಯರ್ ಕೋಟಿನ (ಬಣ್ಣದ ಮೇಲಿರೋ ಪಾರದರ್ಶಕ ಪದರ) ಮೈಯೇ ಬದಲಾಗಿದೆ. ಹಿಕ್ಕೆಯ ಬಿಳಿ ಭಾಗ ಯೂರಿಕ್ ಆಮ್ಲ, ಅದು ನೀರಲ್ಲಿ ಸುಲಭಕ್ಕೆ ಕರಗಲ್ಲ. ಅದರ ಜೊತೆಗೆ ಬಿಸಿಲು. ಕಾದ ಬಾನೆಟ್ಟಿನಲ್ಲಿ ಕ್ಲಿಯರ್ ಕೋಟ್ ಹಿಗ್ಗಿ ಮೆತ್ತಗಾಗುತ್ತೆ, ಹಿಕ್ಕೆ ಒಣಗಿ ಗಟ್ಟಿಯಾಗುತ್ತೆ. ಸಂಜೆ ತಣ್ಣಗಾಗುವಾಗ ಕೋಟು ಅದರ ಒರಟು ಮೈಗೆ ಅಂಟಿಕೊಂಡೇ ಕುಗ್ಗುತ್ತೆ. ಆ ಸುಕ್ಕು ಬರೋದು ಹೀಗೆ.

ಮೊದಲು ಒಂದು ಪರೀಕ್ಷೆ: ಗುರುತಿನ ಮೇಲೆ ನೀರು ಚಿಮುಕಿಸಿ. ಒದ್ದೆಯಿದ್ದಾಗ ಮಾಯವಾಗಿ ಒಣಗಿದಾಗ ಮತ್ತೆ ಬಂದರೆ ಮೇಲ್ಮೈ ಮಾತ್ರ ಹಾಳಾಗಿದೆ, ಪಾಲಿಶಿಗೆ ಹೋಗುತ್ತೆ. ಒದ್ದೆಯಲ್ಲೂ ಬಣ್ಣ ಬೇರೆ ಕಂಡರೆ ಅಥವಾ ಉಗುರು ತಡೆದರೆ ಆಳಕ್ಕೆ ಇಳಿದಿದೆ ಅಂತ. ಆಗ 2000, 3000 ಗ್ರಿಟ್ ನೀರು ಕಾಗದದ (ನೀರು ಹಾಕಿ ಉಜ್ಜೋ ತೀರಾ ನಯವಾದ ಮರಳು ಕಾಗದ) ಕೆಲಸ, ಪೇಂಟ್ ದಪ್ಪ ಅಳೆಯೋ ಗೇಜ್ ಇಲ್ಲದೆ ಯಾರ ಕೈಗೂ ಕೊಡಬೇಡಿ. ಕ್ಲಿಯರ್ ಕೋಟ್ ಇರೋದೇ ಸಾಮಾನ್ಯವಾಗಿ 40–50 ಮೈಕ್ರಾನ್.

ಬಕೆಟ್_ಎರಡು
ಅಡುಗೆ ಸೋಡಾ ಪೇಸ್ಟ್ ಹಚ್ಚಿ ಉಜ್ಜಿದರೆ ಆಮ್ಲ ಸತ್ತು ಕಲೆ ಹೋಗುತ್ತೆ ಅಂತಾರಲ್ಲ?

ಪೇಂಟ್‌ಬೂತ್
ತೊಳೆದಾದ ಮೇಲೆ ಅಲ್ಲಿ ಸಾಯೋಕೆ ಆಮ್ಲವೇ ಉಳಿದಿಲ್ಲ ಗುರು. ಪೇಸ್ಟಿನಲ್ಲಿ ಕರಗದೆ ಉಳಿದ ಹರಳು ಗೆರೆ ಹಾಕುತ್ತೆ, ಕಡುನೀಲಿಯಲ್ಲಿ ಒಂದೊಂದೂ ಎದ್ದು ಕಾಣುತ್ತೆ. ವಿನೆಗರ್, ನಿಂಬೆಹಣ್ಣಂತೂ ಆಮ್ಲದ ಮೇಲೆ ಆಮ್ಲ.

ಕರಾವಳಿ ಡೀಟೇಲರ್
ಕಾಂಪೌಂಡಿನಿಂದ ಶುರು ಮಾಡಬೇಡಿ ಮಾರಾಯ್ರೆ, ಅದಕ್ಕಿಂತ ನಯವಾದ ಫಿನಿಶಿಂಗ್ ಪಾಲಿಶಿನಿಂದ ಶುರು ಮಾಡಿ. ಮೆಗ್ವಾಯರ್ಸ್ ಎಂ205 ಥರದ್ದು ಸಾಕು. ನೆರಳು, ತಣ್ಣಗಿನ ಬಾನೆಟ್, ತೊಳೆದು ಒರೆಸಿದ ಮೈ. ಮೆತ್ತನೆ ಫೋಮ್ ಪ್ಯಾಡಿಗೆ ಬಟಾಣಿ ಗಾತ್ರದ ಮೂರು ಹನಿ ಹಾಕಿ, ಗುರುತನ್ನು ನಡುವೆ ಇಟ್ಟುಕೊಂಡು ಒಂದಡಿ ಚೌಕದಲ್ಲಿ ಉದ್ದಕ್ಕೊಮ್ಮೆ, ಅಡ್ಡಕ್ಕೊಮ್ಮೆ ಒಂದೂವರೆ ನಿಮಿಷ ಉಜ್ಜಿ. ಕಲೆಯ ಮೇಲಷ್ಟೇ ಬೆರಳಿಟ್ಟು ತಿಕ್ಕಿದರೆ ಅಲ್ಲೊಂದು ತಗ್ಗು ಬಿದ್ದು ಪ್ರತಿಬಿಂಬ ಸೊಟ್ಟಗಾಗುತ್ತೆ. ಬಾನೆಟ್ಟಿನ ಅಂಚು, ಏಣುಗಳಿಗೆ ಮಾಸ್ಕಿಂಗ್ ಟೇಪ್ ಹಾಕಿ, ಅಲ್ಲಿ ಪೇಂಟು ತೆಳು.

ಆಮೇಲೆ ತುಂಬಾ ಜನ ಬಿಡೋ ಹೆಜ್ಜೆ: ಐಸೋಪ್ರೊಪೈಲ್ ಆಲ್ಕೋಹಾಲ್ ಅರ್ಧ, ನೀರು ಅರ್ಧ ಬೆರೆಸಿ ಒರೆಸಿ, ಟಾರ್ಚ್ ಓರೆ ಹಿಡಿದು ನೋಡಿ. ಪಾಲಿಶಿನ ಎಣ್ಣೆ ಗುರುತನ್ನು ತುಂಬಿ ಮುಚ್ಚಿರುತ್ತೆ. ಎರಡು ತೊಳೆತಕ್ಕೆ "ಕಲೆ ವಾಪಸ್ ಬಂತು" ಅನ್ನೋದರ ಗುಟ್ಟು ಇದೇ. ಮೂರು ಸುತ್ತಾದರೂ ಹೋಗದಿದ್ದರೆ ಮಾತ್ರ ಕಾಂಪೌಂಡ್, ಆಮೇಲೆ ಮತ್ತೆ ಫಿನಿಶಿಂಗ್, ಕೊನೆಗೆ ವ್ಯಾಕ್ಸ್. 90% ಹೋದರೆ ಅಲ್ಲಿಗೇ ಬಿಡಿ. ಉಳಿದ 10%ಕ್ಕೆ ಕ್ಲಿಯರ್ ಕೋಟ್ ತೆರೋದು ಲಾಭದ ವ್ಯವಹಾರ ಅಲ್ಲ.

ಇನ್ನು ಮುಂದಿನದ್ದು. ಅತ್ತಿ ಹಣ್ಣು ತಿಂದ ಹಕ್ಕಿಯ ಹಿಕ್ಕೆ ತುಂಬಾ ಸಣ್ಣ ಬೀಜ, ಬಟ್ಟೆ ಎಳೆದರೆ ಮರಳು ಕಾಗದ ಎಳೆದ ಹಾಗೆ. ಹಾಗಾಗಿ ಒರೆಸೋದಲ್ಲ, ಎತ್ತೋದು. ಟಿಶ್ಯೂ ನಾಲ್ಕು ಮಡಿಕೆ ಮಾಡಿ ಉಗುರುಬೆಚ್ಚಗಿನ ಶಾಂಪೂ ನೀರಲ್ಲಿ ಅದ್ದಿ ಮೇಲೆ ಹೊದಿಸಿ. ಹಸಿ ಹಿಕ್ಕೆಗೆ ಎರಡು ನಿಮಿಷ, ಒಣಗಿದ್ದಕ್ಕೆ ಹತ್ತು, ನಡುವೆ ಟಿಶ್ಯೂ ಆರಲು ಬಿಡಬೇಡಿ. ಆಮೇಲೆ ಚಿವುಟಿ ಮೇಲಕ್ಕೆ ಎತ್ತಿ. ಉಳಿದರೆ ಹೊಸ ಟಿಶ್ಯೂ, ಮತ್ತೆ ನೆನೆಸಿ. ಪಾತ್ರೆ ತಿಕ್ಕೋ ಸ್ಕ್ರಬ್ಬರ್ ಹತ್ತಿರಕ್ಕೂ ತರಬೇಡಿ. ಪಾರಿವಾಳದ ಒಣ ಹಿಕ್ಕೆಯಾದರೆ ಕೆರೆಯಲೇಬೇಡಿ, ಆ ಧೂಳು ಶ್ವಾಸಕೋಶಕ್ಕೆ ಕೆಟ್ಟದ್ದು. ನೆನೆಸಿ, ಕೈಗವಸು ಹಾಕಿ ತೆಗೆಯಿರಿ.

ಬಕೆಟ್_ಎರಡು
ಸೆರಾಮಿಕ್ ಕೋಟಿಂಗ್ ಮಾಡಿಸಿಬಿಟ್ಟರೆ ಈ ತಲೆನೋವೇ ಇಲ್ಲ ಅಲ್ವಾ?

ಕರಾವಳಿ ಡೀಟೇಲರ್
ಹಾಗಂತ ಮಾರ್ತಾರೆ, ಅಷ್ಟೇ. ಒಂದೆರಡು ಮೈಕ್ರಾನ್ ಪದರ ಅದು, ಸ್ವಲ್ಪ ಸಮಯ ಕೊಂಡುಕೊಡುತ್ತೆ. ಬಿಸಿಲಲ್ಲಿ ದಿನಗಟ್ಟಲೆ ಬಿಟ್ಟರೆ ಅದರಲ್ಲೂ ಗುರುತು ಬೀಳುತ್ತೆ. ಮರ ಬಿಡಕ್ಕಾಗಲ್ಲ ಅನ್ನೋರಿಗೆ ಬಾನೆಟ್ ಮತ್ತು ರೂಫಿಗೆ ಪಿಪಿಎಫ್ (ಪೇಂಟ್ ಕಾಯೋಕೆ ಅಂಟಿಸೋ ಪಾರದರ್ಶಕ ಫಿಲ್ಮ್) ವಾಸಿ. ಕಲೆ ಬಿದ್ದರೂ ಫಿಲ್ಮಿಗೆ ಬೀಳುತ್ತೆ. ದುಡ್ಡು ಜಾಸ್ತಿ ಅನ್ನಿಸಿದರೆ ಎರಡು ಮೂರು ತಿಂಗಳಿಗೊಮ್ಮೆ ವ್ಯಾಕ್ಸ್, ಡಿಕ್ಕಿಯಲ್ಲಿ ಸ್ಪ್ರೇ ಬಾಟಲಿ.

ಅತ್ತಿಮರದಡಿ
ನೀರು ಚಿಮುಕಿಸಿದೆ. ಒದ್ದೆಯಲ್ಲಿ ಪೂರ್ತಿ ಮಾಯ, ಒಣಗಿದ ಮೇಲೆ ಮತ್ತೆ ಬಂತು. ಮುಂದಿನ ಬಂಪರ್ ಒಮ್ಮೆ ಹೊರಗಡೆ ಪೇಂಟ್ ಆಗಿದೆ, ಅಲ್ಲೂ ಸಣ್ಣ ಗುರುತು ಇದೆ. ಅದೇ ಕ್ರಮ ಸಾಕಾ?

ಪೇಂಟ್‌ಬೂತ್
ಬಾನೆಟ್ಟಿಗೆ ಎಂ205 ಸಾಕಾಗಬೇಕು. ಬಂಪರಿಗೆ ಅದೇ ಪಾಲಿಶ್, ಕೈಯಲ್ಲೇ, ಅರ್ಧ ಒತ್ತಡ. ರೀಪೇಂಟ್ ಮೆತ್ತಗಿರುತ್ತೆ, ಬೇಗ ಸವೆಯುತ್ತೆ. ಪ್ಲಾಸ್ಟಿಕ್ ಶಾಖ ಹಿಡಿದಿಡೋದರಿಂದ ಮಷಿನ್ ಇಟ್ಟರೆ ಸುಟ್ಟುಹೋಗೋದೂ ಬೇಗ. ಪ್ಯಾಡ್ ಬೇರೆ ಇಟ್ಟುಕೊಳ್ಳಿ. ಪ್ಯಾಡಿಗೆ ನೀಲಿ ಬಣ್ಣ ಹತ್ತಿದರೆ ಆ ಕ್ಷಣ ನಿಲ್ಲಿಸಿ, ಕ್ಲಿಯರ್ ಕೋಟ್ ಮುಗಿದಿದೆ ಅಂತ ಅರ್ಥ.