ಮುದ್ದೇನಹಳ್ಳಿ ಸರ್ ಎಂವಿ ಮನೆ: 60 ಮಕ್ಕಳಿಗೆ ಏನು ತೋರಿಸಬೇಕು?

ಗೌರಿಬಿದನೂರು ಮೇಷ್ಟ್ರು
ವಿಶ್ವೇಶ್ವರಯ್ಯನವರ ಮನೆ, ಪಕ್ಕದ ಮ್ಯೂಸಿಯಂ, ಸಮಾಧಿ ಮೂರನ್ನೂ ಒಂದೇ ಬೆಳಗ್ಗೆ ನೋಡಿಸಬೇಕು. 8ನೇ ಕ್ಲಾಸು, 60 ಮಕ್ಕಳು, ಒಂದು ಬಸ್ಸು. "ಕನ್ನಡಕ ನೋಡಿದ್ವಿ, ಪೆನ್ನು ನೋಡಿದ್ವಿ" ಅಂತ ಹತ್ತೇ ನಿಮಿಷಕ್ಕೆ ಹೊರಗೆ ಬರಬಾರದು. ಯಾವುದರ ಮುಂದೆ ನಿಲ್ಲಿಸಲಿ? ಮಧ್ಯಾಹ್ನ ನಂದಿ ಬೆಟ್ಟ ಸೇರಿಸಬಹುದಾ?

ಕೆರೆ ಏರಿ
ಮೇಷ್ಟ್ರೇ, ಎರಡು ವಸ್ತು ಸಾಕು.

ಒಂದು, ಅವರ ವಿಸಿಟಿಂಗ್ ಕಾರ್ಡ್ ಅಚ್ಚು ಹಾಕುತ್ತಿದ್ದ ಬ್ಲಾಕು. ಚಿಕ್ಕದು, ಕಣ್ತಪ್ಪಿ ಹೋಗುತ್ತದೆ. ಅಕ್ಷರಗಳು ಯಾಕೆ ಎಡಬಲ ತಿರುಗಿವೆ ಅಂತ ಕೇಳಿ, ಉತ್ತರ ಅವರೇ ಹುಡುಕಲಿ.

ಇನ್ನೊಂದು, ಕೆಆರ್‌ಎಸ್ ಮಾದರಿ. ಇದಕ್ಕೆ ಹಿಂದಿನ ದಿನವೇ ಶಾಲೆಯಲ್ಲಿ ತಯಾರಿ ಬೇಕು, ಇಲ್ಲದಿದ್ದರೆ ಅದು ಬರೀ ಗೋಡೆಯಾಗಿ ಕಾಣುತ್ತದೆ. ಕಟ್ಟೆಗೆ ಬಳಸಿದ್ದು ಸುರ್ಕಿ ಗಾರೆ, ಅಂದರೆ ಇಟ್ಟಿಗೆ ಪುಡಿ ಮತ್ತು ಸುಣ್ಣ. ಪೂರ್ಣ ಮಟ್ಟ 124.80 ಅಡಿ. ಮುಖ್ಯವಾದದ್ದು ಅವರ ಸ್ವಯಂಚಾಲಿತ ಗೇಟು: 1903ರಲ್ಲಿ ಪುಣೆ ಹತ್ತಿರದ ಖಡಕ್‌ವಾಸ್ಲಾದಲ್ಲಿ ಮೊದಲು ಕೂರಿಸಿದ್ದು, ಆಮೇಲೆ ಗ್ವಾಲಿಯರ್‌ನ ತಿಗ್ರಾಕ್ಕೂ ಕೆಆರ್‌ಎಸ್‌ಗೂ ಬಂತು. ಗೇಟಿಗೆ ಸಮತೂಕವಾಗಿ ಒಂದು ಭಾರ ಗುಂಡಿಯೊಳಗೆ ತೂಗುತ್ತಿರುತ್ತದೆ. ನೀರು ಪೂರ್ಣ ಮಟ್ಟ ಮುಟ್ಟಿದರೆ ಆ ಗುಂಡಿಗೆ ನುಗ್ಗುತ್ತದೆ, ಭಾರ ಹಗುರಾಗುತ್ತದೆ, ಗೇಟು ತಾನೇ ತೆರೆದುಕೊಳ್ಳುತ್ತದೆ. ಮಟ್ಟ ಇಳಿದು ಗುಂಡಿ ಖಾಲಿಯಾದರೆ ಮತ್ತೆ ಮುಚ್ಚುತ್ತದೆ. ಬಾವಿಯಲ್ಲಿ ಸೇದುವ ಬಿಂದಿಗೆ ನೀರೊಳಗಿರುವಾಗ ಹಗುರ, ಮೇಲೆ ಬಂದಕೂಡಲೇ ಭಾರ, ಅದೇ ಲೆಕ್ಕ. ಕ್ಲಾಸಿನಲ್ಲಿ ಒಂದು ಬಕೆಟ್ ನೀರು, ದಾರ ಕಟ್ಟಿದ ಕಲ್ಲು ಇಟ್ಟು ಪ್ರತಿ ಮಗುವಿನ ಕೈಯಲ್ಲೂ ಮಾಡಿಸಿ.

ನಂದಿ ಕ್ರಾಸ್
ಬೆಟ್ಟ ಬೇಡ ಸರ್. ಶನಿವಾರ, ಭಾನುವಾರವಂತೂ ಬೆಟ್ಟದ ರಸ್ತೆಯಲ್ಲೇ ಗಂಟೆಗಟ್ಟಲೆ ಸಿಕ್ಕಿಕೊಳ್ಳುತ್ತೀರಿ. ಮೇಲೆ ಹೋದರೂ ಟಿಪ್ಪುವಿನ ಬೇಸಿಗೆ ಅರಮನೆಯನ್ನು ಹೊರಗಿನಿಂದ ನೋಡಬೇಕು ಅಷ್ಟೇ. ಬದಲಿಗೆ ಕೆಳಗೆ ನಂದಿ ಊರಿನ ಭೋಗನಂದೀಶ್ವರಕ್ಕೆ ಹೋಗಿ. ಅಲ್ಲಿನ ಮೆಟ್ಟಿಲು ಕಲ್ಯಾಣಿ ಒಂದೇ ಸಾಕು, ನೀರಿನ ಪಾಠ ಮುಂದುವರಿಯುತ್ತದೆ. ಬಿಸಿಲಿಗೆ ಕಲ್ಲು ಸುಡುತ್ತದೆ, ಚಪ್ಪಲಿ ಬಿಟ್ಟು ನಡೆಯಬೇಕು, ಸಾಕ್ಸ್ ಇರಲಿ. ಸೆಪ್ಟೆಂಬರ್ 15ರ ಆಸುಪಾಸು ಮುದ್ದೇನಹಳ್ಳಿಗೆ ಹೋಗಲೇಬೇಡಿ. ಎಂಜಿನಿಯರ್ ದಿನಕ್ಕೆ ಜನ ಬಂದು ಸೇರುತ್ತಾರೆ, ನಿಂತು ನೋಡಲು ಆಗುವುದಿಲ್ಲ.

ಗಾರೆ ಸುಣ್ಣ
60 ಮಕ್ಕಳನ್ನು ಒಟ್ಟಿಗೆ ಒಳಗೆ ಬಿಡಬೇಡಿ. 20ರ ಮೂರು ಗುಂಪು ಮಾಡಿ: ಒಂದು ಮನೆಯಲ್ಲಿ, ಒಂದು ಮ್ಯೂಸಿಯಂನಲ್ಲಿ, ಒಂದು ಸಮಾಧಿ ಹತ್ತಿರ. ಅರ್ಧ ಗಂಟೆಗೊಮ್ಮೆ ಬದಲಾಯಿಸಿ. ಪ್ರತಿ ಗುಂಪಿಗೂ ಒಬ್ಬ ಮೇಷ್ಟ್ರು ಬೇಕೇ ಬೇಕು. ಬ್ಯಾಗುಗಳು ಬಸ್ಸಿನಲ್ಲೇ ಇರಲಿ. ಹಳೇ ಮನೆಯಲ್ಲಿ ತಿರುಗುವಾಗ ಬೆನ್ನಿನ ಬ್ಯಾಗು ಕಂಬಕ್ಕೆ, ಗಾಜಿಗೆ ತಗಲುವುದೇ ಹೆಚ್ಚು. ಗೋಡೆಗೆ ಒರಗುವುದನ್ನೂ ತಡೆಯಿರಿ. ಕೈಯ ಬೆವರು, ಎಣ್ಣೆ ಸುಣ್ಣದ ಗೋಡೆಗೆ ಇಳಿದರೆ ಕಪ್ಪು ಕಲೆ ಕೂರುತ್ತದೆ, ತೊಳೆದರೆ ಸುಣ್ಣವೇ ಕಿತ್ತು ಬರುತ್ತದೆ.

ಗೌರಿಬಿದನೂರು ಮೇಷ್ಟ್ರು
ಮೂರು ಗುಂಪು ಸರಿ. ಬಕೆಟ್ ಪ್ರಯೋಗಕ್ಕೆ ಎಷ್ಟು ತೂಕದ ಕಲ್ಲು?

ಕೆರೆ ಏರಿ
ಒಂದು ಕೆಜಿ ಆಸುಪಾಸಿನದು. ತೀರಾ ಚಿಕ್ಕದಾದರೆ ವ್ಯತ್ಯಾಸ ಕೈಗೆ ತಿಳಿಯುವುದಿಲ್ಲ. ಸ್ಪ್ರಿಂಗ್ ತಕ್ಕಡಿ ಇದ್ದರೆ ಇನ್ನೂ ಒಳ್ಳೆಯದು, ಮುಳ್ಳು ಇಳಿಯುವುದನ್ನು ಎಲ್ಲರೂ ನೋಡಬಹುದು. ಕಲ್ಲು ತಳಕ್ಕೆ ತಾಗದಂತೆ ಹಿಡಿಯಬೇಕು, ತಾಗಿದರೆ ತೂಕ ಸುಳ್ಳು ಬರುತ್ತದೆ.