ಎರಡು ಮಾನಿಟರ್ ಇದ್ದಾಗ ಫುಲ್ ಸ್ಕ್ರೀನ್ ವಿಡಿಯೋ ಪದೇ ಪದೇ ಚಿಕ್ಕದಾಗುತ್ತದೆ, ಇದನ್ನು ತಡೆಯುವ ಎಕ್ಸ್‌ಟೆನ್ಷನ್ ಹಾಕಬಹುದಾ?

ಕಾಫಿಬೀಜ:

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಇದೆ, ಪೂರ್ತಿ ಓದಿ ಹೇಳಿ.

ನನ್ನದು ವಿಂಡೋಸ್ 11 ಲ್ಯಾಪ್‌ಟಾಪ್. ಎಚ್‌ಡಿಎಂಐ ಕೇಬಲ್ ಹಾಕಿ 24 ಇಂಚಿನ ಮಾನಿಟರ್ ಜೋಡಿಸಿಕೊಂಡಿದ್ದೇನೆ. ಸಂಜೆ ಹೊತ್ತು ದೊಡ್ಡ ಪರದೆಯಲ್ಲಿ ಕೋರ್ಸ್ ವಿಡಿಯೋ ಫುಲ್ ಸ್ಕ್ರೀನ್ ಇಟ್ಟು, ಈ ಕಡೆ ಲ್ಯಾಪ್‌ಟಾಪಿನಲ್ಲಿ ನೋಟ್ಸ್ ಬರೆದುಕೊಳ್ಳುತ್ತೇನೆ. ಬ್ರೌಸರ್ ಕ್ರೋಮ್.

ತೊಂದರೆ ಏನೆಂದರೆ, ವಿಡಿಯೋ ಚೆನ್ನಾಗಿ ಓಡುತ್ತಾ ಇರುವಾಗ ಇದ್ದಕ್ಕಿದ್ದಂತೆ ಫುಲ್ ಸ್ಕ್ರೀನ್ ಹೋಗಿಬಿಡುತ್ತದೆ. ಯಾವಾಗಲೂ ಅಲ್ಲ. ಮೇಲ್‌ನಲ್ಲೋ ವಾಟ್ಸಾಪ್‌ನಲ್ಲೋ ಬಂದ ಲಿಂಕ್ ಒತ್ತಿದಾಗ ಜಾಸ್ತಿ. ಇನ್ನೊಂದು ಸೈಟಿನಲ್ಲಿ ಬೇರೆ ಥರ: ಫುಲ್ ಸ್ಕ್ರೀನ್ ಹಾಗೇ ಇರುತ್ತದೆ, ಆದರೆ ನಾನು ನೋಟ್ಸ್ ಮೇಲೆ ಒಂದು ಕ್ಲಿಕ್ ಮಾಡಿದರೆ ಸಾಕು, ವಿಡಿಯೋ ನಿಂತುಬಿಡುತ್ತದೆ. ಮತ್ತೆ ಪ್ರತಿ ಸಲ "ಹೊರಬರಲು ಎಸ್ಕೇಪ್ ಒತ್ತಿ" ಅನ್ನುವ ಪಟ್ಟಿ ಬೇರೆ.

ಆಫೀಸಿನಲ್ಲಿ ಒಬ್ಬರು ಇದಕ್ಕೆಲ್ಲ ಒಂದೇ ಎಕ್ಸ್‌ಟೆನ್ಷನ್ (ಬ್ರೌಸರಿಗೆ ಸೇರಿಸಿಕೊಳ್ಳುವ ಚಿಕ್ಕ ಪ್ರೋಗ್ರಾಂ) ಇದೆ ಎಂದು ಹೇಳಿದರು. ಹಾಕಲು ಹೋದರೆ "ಎಲ್ಲ ವೆಬ್‌ಸೈಟ್‌ಗಳಲ್ಲಿರುವ ನಿಮ್ಮ ಮಾಹಿತಿಯನ್ನು ಓದಲು, ಬದಲಾಯಿಸಲು" ಅನುಮತಿ ಕೇಳಿತು, ಅಲ್ಲಿಗೇ ಬಿಟ್ಟೆ. ಇನ್ನೊಂದು ಸೈಟ್ ನನ್ನ ಎಲ್ಲ ಡಿಸ್‌ಪ್ಲೇಗಳಲ್ಲೂ ವಿಂಡೋ ನಿರ್ವಹಿಸಲು ಅನುಮತಿ ಕೇಳಿತು. ಅದಕ್ಕೂ ಇನ್ನೂ ಉತ್ತರ ಕೊಟ್ಟಿಲ್ಲ. ಇದೇ ಕಂಪ್ಯೂಟರ್‌ನಲ್ಲಿ ಅಪ್ಪ ನೆಟ್ ಬ್ಯಾಂಕಿಂಗ್ ಮಾಡುತ್ತಾರೆ. ಹಾಗಾಗಿ ಸುಮ್ನೆ ಏನೋ ಒಂದು ಹಾಕಿಬಿಡಲು ಮನಸ್ಸಿಲ್ಲ. ತಿಳಿದವರು ಹೇಳಿ.

ಹಳೇಕೀಬೋರ್ಡ್:

ಕಾಫಿಬೀಜ ಅವರೇ, ಎರಡನ್ನೂ ಬೇರೆ ಬೇರೆ ನೋಡಬೇಕು. ಮೊದಲನೆಯದನ್ನು ನಾನು ಹೇಳುತ್ತೇನೆ.

ಲಿಂಕ್ ಒತ್ತಿದಾಗ ಫುಲ್ ಸ್ಕ್ರೀನ್ ಹೋಗುವುದಕ್ಕೆ ಎರಡು ಮಾನಿಟರ್ ಕಾರಣ ಅಲ್ಲ. ವಾಟ್ಸಾಪ್‌ನಿಂದ ಒತ್ತಿದ ಲಿಂಕನ್ನು ವಿಂಡೋಸ್ ನಿಮ್ಮ ಡಿಫಾಲ್ಟ್ ಬ್ರೌಸರಿಗೆ ಕೊಡುತ್ತದೆ. ಬ್ರೌಸರ್ ಅದನ್ನು ನೀವು ಕೊನೆಯದಾಗಿ ಮುಟ್ಟಿದ ವಿಂಡೋದಲ್ಲಿ ಹೊಸ ಟ್ಯಾಬ್ ಮಾಡಿ ತೆರೆಯುತ್ತದೆ. ನೀವು ಕೊನೆಯದಾಗಿ ಮುಟ್ಟಿದ್ದು ಯಾವುದು? ವಿಡಿಯೋ ಓಡುತ್ತಿದ್ದ ವಿಂಡೋ. ಅಲ್ಲಿ ಟ್ಯಾಬ್ ಬದಲಾದರೆ ಹಳೆಯ ಟ್ಯಾಬಿನ ಫುಲ್ ಸ್ಕ್ರೀನ್ ಮುಗಿದ ಹಾಗೆ. ಒಂದು ಟ್ಯಾಬ್ ಪರದೆ ಪೂರ್ತಿ ಹಿಡಿದುಕೊಂಡಿರುವಾಗ ಅದರ ಹಿಂದೆ ಇನ್ನೊಂದು ಟ್ಯಾಬ್ ಸದ್ದಿಲ್ಲದೆ ತೆರೆದುಕೊಳ್ಳಬಾರದು ಅಲ್ವಾ, ಅದು ಸರಿಯಾದ ನಡವಳಿಕೆಯೇ.

ಪರಿಹಾರ ಸುಲಭ. ವಿಡಿಯೋಗೆ ಒಂದು ಬ್ರೌಸರ್, ಉಳಿದದ್ದಕ್ಕೆ ಇನ್ನೊಂದು ಇಟ್ಟುಕೊಳ್ಳಿ. ಕ್ರೋಮ್ ಡಿಫಾಲ್ಟ್ ಆಗಿರಲಿ, ವಿಡಿಯೋ ಫೈರ್‌ಫಾಕ್ಸ್‌ನಲ್ಲೋ ಎಡ್ಜ್‌ನಲ್ಲೋ ನೋಡಿ. ಲಿಂಕ್‌ಗಳು ಅತ್ತ ಹೋಗುವುದೇ ಇಲ್ಲ. ಫುಲ್ ಸ್ಕ್ರೀನ್ ಯಾವ ಪರದೆಯಲ್ಲಿ ಬರಬೇಕು ಅನ್ನುವುದಕ್ಕೂ ಏನೂ ಹಾಕಬೇಕಾಗಿಲ್ಲ. ವಿಂಡೋ ಎಲ್ಲಿದೆಯೋ ಅಲ್ಲೇ ಬರುತ್ತದೆ. ವಿಂಡೋಸ್ ಕೀ, ಶಿಫ್ಟ್, ಎಡ ಅಥವಾ ಬಲ ಬಾಣದ ಕೀ ಒಟ್ಟಿಗೆ ಒತ್ತಿದರೆ ವಿಂಡೋ ಪಕ್ಕದ ಮಾನಿಟರಿಗೆ ಹಾರುತ್ತದೆ.

ಇದು ಇವತ್ತಿನ ಗೋಳಲ್ಲ. ಹಿಂದೆ ಬ್ರೌಸರಿನಲ್ಲಿ ವಿಡಿಯೋ ಓಡಿಸಲು ಅಡೋಬಿ ಕಂಪನಿಯ ಫ್ಲ್ಯಾಶ್ ಎಂಬ ಪ್ಲಗಿನ್ ಬಳಸುತ್ತಿದ್ದ ಕಾಲದಲ್ಲಿ ಪಕ್ಕದ ಮಾನಿಟರಿನಲ್ಲಿ ಎಲ್ಲಿ ಕ್ಲಿಕ್ ಮಾಡಿದರೂ ವಿಡಿಯೋ ಚಿಕ್ಕದಾಗುತ್ತಿತ್ತು. ಜನ ಬೇಸತ್ತು ಫ್ಲ್ಯಾಶ್‌ನ ಪ್ರೋಗ್ರಾಂ ಇರುವ ಡಿಎಲ್‌ಎಲ್ ಫೈಲನ್ನೇ, ಫೈಲನ್ನು ಬೈಟ್ ಬೈಟಾಗಿ ಬದಲಿಸುವ ಹೆಕ್ಸ್ ಎಡಿಟರ್‌ನಲ್ಲಿ ತಿದ್ದಿಕೊಳ್ಳುತ್ತಿದ್ದರು. ಕೆಲವರು ಯಾರೋ ತಿದ್ದಿಟ್ಟ ಫೈಲನ್ನು ಡೌನ್‌ಲೋಡ್ ಮಾಡಿ ಹಾಕಿಕೊಳ್ಳುತ್ತಿದ್ದರು, ಅದರೊಳಗೆ ಇನ್ನೇನು ತಿದ್ದಿದ್ದಾರೆ ಎಂದು ನೋಡುವವರು ಯಾರು? 2011ರಲ್ಲಿ ಬಂದ ಫ್ಲ್ಯಾಶ್ 10.2ರಲ್ಲಿ ಅಡೋಬಿಯವರೇ ಇದನ್ನು ಸರಿಪಡಿಸಿದರು. ಆದರೆ ಫುಲ್ ಸ್ಕ್ರೀನ್‌ನಲ್ಲಿ ಕೀಬೋರ್ಡ್ ಟೈಪಿಂಗ್ ಮೇಲಿದ್ದ ನಿರ್ಬಂಧವನ್ನು ಆಗಲೂ ಬಿಡಲಿಲ್ಲ. ಬಾಣದ ಕೀ, ಸ್ಪೇಸ್ ಥರದ ಕೆಲವು ಕೀಗಳು ಮಾತ್ರ ಕೆಲಸ ಮಾಡುತ್ತಿದ್ದವು, ಅಕ್ಷರ ಟೈಪ್ ಆಗುತ್ತಿರಲಿಲ್ಲ. ಪರದೆ ತುಂಬ ಬ್ಯಾಂಕಿನ ಪುಟ ಬರೆದು ಪಾಸ್‌ವರ್ಡ್ ಕದಿಯುವ ದಾರಿಯನ್ನು ಮುಚ್ಚಲು ಹಾಗೆ ಮಾಡಿದ್ದರು. ಟೈಪಿಂಗ್‌ಗೆ ದಾರಿ ಬಿಟ್ಟದ್ದು 2012ರಲ್ಲಿ ಬಂದ 11.3ರಲ್ಲಿ, ಅದೂ ಬಳಸುವವರನ್ನು ಕೇಳಿದ ಮೇಲೆ.

ಸೀದಾಸಾದಾ:

ಇಷ್ಟೆಲ್ಲ ಯಾಕೆ? ಫೈರ್‌ಫಾಕ್ಸ್‌ನಲ್ಲಿ ಅಬೌಟ್ ಕಾನ್ಫಿಗ್ ಎಂಬ ಒಳ ಸೆಟ್ಟಿಂಗ್‌ಗಳ ಪುಟ ತೆರೆಯಿರಿ, ಫುಲ್ ಸ್ಕ್ರೀನ್ ವಾರ್ನಿಂಗ್ ಟೈಮ್‌ಔಟ್ ಎಂದು ಒಂದು ಸೆಟ್ಟಿಂಗ್ ಇದೆ. ಅದರಲ್ಲಿ 3000 ಇರುತ್ತದೆ, ಅಂದರೆ 3 ಸೆಕೆಂಡ್. 0 ಮಾಡಿಬಿಡಿ. ಪಟ್ಟಿ ಮತ್ತೆ ಕಾಣುವುದಿಲ್ಲ. ನಾನು ಹಾಗೇ ಬಳಸುತ್ತಿದ್ದೇನೆ, ಏನೂ ಆಗಿಲ್ಲ.

ಗಡಿಗೆರೆ:

ಸೀದಾಸಾದಾ ಅವರೇ, ನಿಮ್ಮ ಕಂಪ್ಯೂಟರ್, ನಿಮ್ಮಿಷ್ಟ. ಆದರೆ ಅಪ್ಪ ನೆಟ್ ಬ್ಯಾಂಕಿಂಗ್ ಮಾಡುವ ಕಂಪ್ಯೂಟರಿನಲ್ಲಿ ಆ ಪಟ್ಟಿ ತೆಗೆಯಿರಿ ಎನ್ನುವುದನ್ನು ನಾನು ಒಪ್ಪುವುದಿಲ್ಲ. ಯಾಕೆ ಎಂದು ಬಿಡಿಸಿ ಹೇಳುತ್ತೇನೆ.

ಬ್ರೌಸರ್ ವಿಂಡೋದಲ್ಲಿ ಅಡ್ರೆಸ್ ಬಾರ್‌ನ ಕೆಳಗಿರುವುದೆಲ್ಲ ಸೈಟಿನ ಜಾಗ. ಅಲ್ಲಿ ಅದು ಏನು ಬೇಕಾದರೂ ಬಿಡಿಸಬಹುದು. ಅಡ್ರೆಸ್ ಬಾರ್ ಮತ್ತು ಅದರ ಮೇಲಿನದು ಬ್ರೌಸರಿನ ಜಾಗ, ಟ್ಯಾಬಿನ ಹೆಸರು, ಚಿಹ್ನೆ ಬಿಟ್ಟರೆ ಅಲ್ಲಿ ಸೈಟಿಗೆ ಕೈ ಹಾಕಲು ಆಗುವುದಿಲ್ಲ. ನಾವು ಯಾವ ಸೈಟಿನಲ್ಲಿದ್ದೇವೆ ಎಂದು ನಂಬುವುದು ಆ ಒಂದು ಗೆರೆಯನ್ನು ನೋಡಿ. ಫುಲ್ ಸ್ಕ್ರೀನ್ ಆದ ಕೂಡಲೇ ಆ ಗೆರೆಯೇ ಇಲ್ಲ. ಪೂರ್ತಿ ಪರದೆ ಸೈಟಿನದು. ಸುಳ್ಳು ಅಡ್ರೆಸ್ ಬಾರ್, ಸುಳ್ಳು ಬೀಗದ ಚಿಹ್ನೆ, ಸುಳ್ಳು ಟಾಸ್ಕ್‌ಬಾರ್, ಎಲ್ಲ ಬಿಡಿಸಬಹುದು.

2012ರಲ್ಲಿ ಫೆರಾಸ್ ಅಬೂಖದೀಜೆ ಎಂಬ ಪ್ರೋಗ್ರಾಮರ್ ಇದನ್ನು ಮಾಡಿಯೇ ತೋರಿಸಿದರು. ಪುಟದಲ್ಲಿ ಬ್ಯಾಂಕ್ ಆಫ್ ಅಮೆರಿಕಾದ ಲಿಂಕ್ ಇರುತ್ತದೆ. ಮೌಸ್ ಇಟ್ಟು ನೋಡಿದರೆ ವಿಳಾಸ ಸರಿಯಾಗಿಯೇ ಕಾಣುತ್ತದೆ. ಒತ್ತಿದರೆ ಬ್ಯಾಂಕಿಗೆ ಹೋಗುವ ಬದಲು ಅದೇ ಪುಟ ಫುಲ್ ಸ್ಕ್ರೀನ್ ಆಗಿ, ನಿಮ್ಮ ಬ್ರೌಸರ್ ಯಾವುದು, ವಿಂಡೋಸೋ ಮ್ಯಾಕೋ ಎಂದು ನೋಡಿಕೊಂಡು, ಅದಕ್ಕೆ ತಕ್ಕ ಹಾಗೆ ಬ್ರೌಸರಿನ ಚಿತ್ರವನ್ನೂ ಬ್ಯಾಂಕಿನ ಚಿತ್ರವನ್ನೂ ಮುಂದಿಡುತ್ತದೆ. ಆಗ ಎಚ್ಚರಿಸಲು ಉಳಿದದ್ದು ಆ ಒಂದು ಪಟ್ಟಿ ಮಾತ್ರ. ಅದನ್ನೇ 0 ಮಾಡಿದರೆ?

ಕಣ್ಣಿಗೆ ಕಿರಿಕಿರಿ ಅನ್ನಿಸುವ ಉಳಿದ ಕಟ್ಟುಪಾಡುಗಳಿಗೂ ಇದೇ ಕಾರಣ. ನೀವು ಕ್ಲಿಕ್ ಮಾಡದೆ ಅಥವಾ ಕೀ ಒತ್ತದೆ ಸೈಟ್ ತಾನಾಗಿಯೇ ಫುಲ್ ಸ್ಕ್ರೀನ್‌ಗೆ ಹೋಗುವಂತಿಲ್ಲ. ಪುಟದೊಳಗೆ ಕೂರಿಸಿದ ಬೇರೆ ಸೈಟಿನ ಜಾಹೀರಾತಿನಂಥ ಚೌಕಗಳಿಗೆ, ಮುಖ್ಯ ಸೈಟ್ ಅನುಮತಿ ಕೊಡದೆ ಫುಲ್ ಸ್ಕ್ರೀನ್ ಸಿಗುವುದಿಲ್ಲ. ಸೈಟ್ ಅಲರ್ಟ್ ಡಬ್ಬಿ ತೋರಿಸಿದರೆ ಕ್ರೋಮ್ ಫುಲ್ ಸ್ಕ್ರೀನ್‌ನಿಂದ ಹೊರಗೆ ಹಾಕುತ್ತದೆ, ಆ ಮಾತು ಯಾರದ್ದು ಎಂದು ಕಾಣಬೇಕಲ್ಲ. ಆಟಗಳಿಗೂ ರಿಮೋಟ್ ಡೆಸ್ಕ್‌ಟಾಪಿಗೂ ಬೇಕೆಂದು ಕ್ರೋಮ್‌ನಲ್ಲಿ 2018ರಿಂದ ಸೈಟುಗಳಿಗೆ ಎಸ್ಕೇಪ್ ಕೀಯನ್ನೂ ಹಿಡಿದುಕೊಳ್ಳುವ ಅವಕಾಶ ಇದೆ. ಆದರೂ ಆ ಕೀಯನ್ನು ಸ್ವಲ್ಪ ಹೊತ್ತು ಒತ್ತಿ ಹಿಡಿದರೆ ಹೊರಬರಲೇಬೇಕು, ಅದನ್ನು ಯಾವ ಸೈಟೂ ತಡೆಯಲಾರದು.

ಈಗ ಎರಡು ಮಾನಿಟರ್ ವಿಷಯ. ಇಲ್ಲಿ ನಿಮಗೆ ಒಂದು ಅನುಕೂಲವೇ ಇದೆ. ಮಾಮೂಲಿ ಫುಲ್ ಸ್ಕ್ರೀನ್ ಒಂದೇ ಪರದೆ ಹಿಡಿಯುತ್ತದೆ. ಪಕ್ಕದ ಪರದೆಯಲ್ಲಿ ನಿಮ್ಮ ನಿಜವಾದ ಟಾಸ್ಕ್‌ಬಾರ್, ನಿಮ್ಮ ನೋಟ್ಸ್ ಹಾಗೇ ಇರುತ್ತವೆ. "ನಿಮ್ಮ ಕಂಪ್ಯೂಟರ್ ಲಾಕ್ ಆಗಿದೆ, ಈ ನಂಬರಿಗೆ ಫೋನ್ ಮಾಡಿ" ಎಂಬ ವೈರಸ್ ಎಚ್ಚರಿಕೆಯ ಪುಟಗಳು ಬರುತ್ತವಲ್ಲ, ಅವು ಒಂದು ಪರದೆ ಇರುವವರನ್ನು ಹೆದರಿಸಿದಷ್ಟು ಸುಲಭವಾಗಿ ಎರಡು ಪರದೆ ಇರುವವರನ್ನು ಹೆದರಿಸಲಾರವು.

ನೀವು ಹೇಳಿದ ಎರಡನೇ ಅನುಮತಿ ಈ ಅನುಕೂಲವನ್ನೇ ಬಿಟ್ಟುಕೊಡುತ್ತದೆ. ಅದಕ್ಕೆ ವಿಂಡೋ ಮ್ಯಾನೇಜ್‌ಮೆಂಟ್ ಎಂದು ಹೆಸರು, 2022ರಲ್ಲಿ ಕ್ರೋಮ್ 100ರ ಜೊತೆ ಬಂತು. ಅದನ್ನು ಕೊಟ್ಟರೆ ನಿಮಗೆ ಎಷ್ಟು ಪರದೆ ಇವೆ, ಒಂದೊಂದರ ಅಳತೆ ಎಷ್ಟು, ಯಾವುದು ಎಡಕ್ಕೆ, ಯಾವುದು ಬಲಕ್ಕೆ ಎನ್ನುವುದೆಲ್ಲ ಸೈಟಿಗೆ ತಿಳಿಯುತ್ತದೆ. ಇಂಥದ್ದೇ ಪರದೆಯಲ್ಲಿ ಫುಲ್ ಸ್ಕ್ರೀನ್ ಮಾಡು, ಇನ್ನೊಂದರಲ್ಲಿ ಒಂದು ವಿಂಡೋ ತೆರೆ ಎಂದು ಹೇಳಲೂ ಅದಕ್ಕೆ ಆಗುತ್ತದೆ. ಪರದೆಗಳ ಅಳತೆ, ಜೋಡಣೆ ಒಬ್ಬೊಬ್ಬರದು ಒಂದೊಂದು ಥರ ಇರುವುದರಿಂದ ಜಾಹೀರಾತಿನವರಿಗೆ ನಿಮ್ಮ ಗುರುತು ಹಿಡಿಯಲೂ ಅದು ನೆರವಾಗುತ್ತದೆ. ಒಂದು ಕಡೆ ಸ್ಲೈಡ್, ಇನ್ನೊಂದು ಕಡೆ ಟಿಪ್ಪಣಿ ತೋರಿಸುವ ಪ್ರೆಸೆಂಟೇಷನ್ ಸೈಟಿಗೆ, ನಾಲ್ಕು ಚಾರ್ಟ್ ಹರಡಿಕೊಂಡು ಕೂರುವ ಷೇರು ವ್ಯಾಪಾರದವರಿಗೆ ಇದು ನಿಜಕ್ಕೂ ಬೇಕು. ವಿಡಿಯೋ ತೋರಿಸುವ ಸೈಟಿಗೆ ಯಾಕೆ? ಬ್ಲಾಕ್ ಒತ್ತಿ.

ಕಾಫಿಬೀಜ:

ತುಂಬ ಉಪಕಾರ ಆಯಿತು. ಹಳೇಕೀಬೋರ್ಡ್ ಅವರು ಹೇಳಿದ ಹಾಗೆ ವಿಡಿಯೋ ಫೈರ್‌ಫಾಕ್ಸ್‌ಗೆ ಹಾಕಿದೆ, ಲಿಂಕ್ ಒತ್ತಿದರೂ ಅಲುಗಾಡುತ್ತಿಲ್ಲ. ಅನುಮತಿ ಬ್ಲಾಕ್ ಮಾಡಿದೆ. ಕ್ಲಿಕ್ ಮಾಡಿದರೆ ನಿಲ್ಲುವ ಆ ಇನ್ನೊಂದು ಸೈಟಿನ ಕಥೆ ಏನು? ಅದಕ್ಕಾದರೂ ಎಕ್ಸ್‌ಟೆನ್ಷನ್ ಬೇಕಾ?

ಗಡಿಗೆರೆ:

ಅದು ಬ್ರೌಸರ್ ಮಾಡುತ್ತಿರುವುದಲ್ಲ, ಸೈಟಿನವರೇ ಮಾಡಿರುವುದು. ನೀವು ಬೇರೆ ವಿಂಡೋ ಮೇಲೆ ಕ್ಲಿಕ್ ಮಾಡಿದ ಕೂಡಲೇ "ಇವರ ಗಮನ ನಿನ್ನ ಮೇಲಿಲ್ಲ" ಎಂದು ಬ್ರೌಸರ್ ಪುಟಕ್ಕೆ ತಿಳಿಸುತ್ತದೆ. ಸೈಟಿನವರು ಆಗ ವಿಡಿಯೋ ನಿಲ್ಲಿಸು ಎಂದು ಬರೆದಿಟ್ಟಿದ್ದಾರೆ. ವಿದ್ಯಾರ್ಥಿ ವಿಡಿಯೋ ಹಾಕಿ ಎದ್ದು ಹೋಗಬಾರದು ಎಂಬ ಲೆಕ್ಕ ಇರಬಹುದು. ಪಕ್ಕದ ಪರದೆಯಲ್ಲಿ ನೋಟ್ಸ್ ಬರೆದುಕೊಳ್ಳುವವರಿಗೂ ಅದೇ ಶಿಕ್ಷೆ, ಅದು ತಪ್ಪು. ಇದರಲ್ಲಿ ಸುರಕ್ಷತೆಯ ಮಾತೇ ಇಲ್ಲ.

ಎಕ್ಸ್‌ಟೆನ್ಷನ್ ಮಾಡುವುದು ಇಷ್ಟೇ, ಗಮನ ಇಲ್ಲ ಎಂಬ ಆ ಸುದ್ದಿಯು ಪುಟಕ್ಕೆ ತಲುಪದ ಹಾಗೆ ತಡೆಯುತ್ತದೆ. ಅದಕ್ಕೆ ಪುಟದೊಳಗೆ ತನ್ನ ಕೋಡ್ ಸೇರಿಸಬೇಕು, ಹಾಗಾಗಿ ಅನುಮತಿ ಕೇಳುತ್ತದೆ. ಎಲ್ಲ ಸೈಟಿಗೂ ಎಂದು ಕೊಟ್ಟರೆ ಅಪ್ಪನ ಬ್ಯಾಂಕ್ ಪುಟದೊಳಗೂ ಅದೇ ಕೋಡ್ ಸೇರುತ್ತದೆ. ಇವತ್ತು ಒಳ್ಳೆಯವರು ಬರೆದಿರಬಹುದು, ನಾಳೆ ಅವರು ಅದನ್ನು ಬೇರೆಯವರಿಗೆ ಮಾರಿದರೆ ಅಪ್‌ಡೇಟ್ ತಾನಾಗಿಯೇ ಬಂದು ಕೂರುತ್ತದೆ, ನಿಮಗೆ ಗೊತ್ತೂ ಆಗುವುದಿಲ್ಲ. ಹಾಕಲೇಬೇಕು ಅಂದರೆ ಕ್ರೋಮ್‌ನಲ್ಲಿ ಬೇರೆ ಪ್ರೊಫೈಲ್ ಮಾಡಿ ಅಲ್ಲಿ ಹಾಕಿ, ಎಕ್ಸ್‌ಟೆನ್ಷನ್‌ನ ವಿವರದ ಪುಟಕ್ಕೆ ಹೋಗಿ ಸೈಟ್ ಆಕ್ಸೆಸ್ ಅನ್ನುವ ಕಡೆ ಆ ಕೋರ್ಸ್ ಸೈಟ್ ಒಂದನ್ನೇ ಇಡಿ. ಮೊದಲು ಸೈಟಿನವರಿಗೆ ಒಂದು ಮೇಲ್ ಹಾಕಿ ನೋಡಿ.

ತುಂಗಾತೀರ:

ಯಾರೂ ಪಿಕ್ಚರ್ ಇನ್ ಪಿಕ್ಚರ್ ಹೇಳಲಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ಫೈರ್‌ಫಾಕ್ಸ್‌ನಲ್ಲಿ ವಿಡಿಯೋ ಮೇಲೆ ಮೌಸ್ ಇಟ್ಟರೆ ಒಂದು ಚಿಕ್ಕ ಬಟನ್ ಬರುತ್ತದೆ. ಒತ್ತಿದರೆ ವಿಡಿಯೋ ಮಾತ್ರ ಬೇರೆ ವಿಂಡೋ ಆಗಿ ಎದ್ದು ಬರುತ್ತದೆ. ಅದನ್ನು ದೊಡ್ಡ ಮಾನಿಟರಿಗೆ ಎಳೆದು ಡಬಲ್ ಕ್ಲಿಕ್ ಮಾಡಿ, ಪರದೆ ತುಂಬ ಹರಡಿಕೊಳ್ಳುತ್ತದೆ. ಈ ಕಡೆ ಟ್ಯಾಬ್ ಎಷ್ಟು ಬದಲಾಯಿಸಿದರೂ ಅದು ಅಲ್ಲೇ ಇರುತ್ತದೆ. ಫೈರ್‌ಫಾಕ್ಸ್ 100ರಿಂದ ಯೂಟ್ಯೂಬ್ ಥರದ ಕೆಲವು ಸೈಟುಗಳ ಸಬ್‌ಟೈಟಲ್ ಕೂಡ ಅದರಲ್ಲಿ ಬರುತ್ತದೆ.

ಗಡಿಗೆರೆ ಅವರು ಹೇಳಿದ ಅಪಾಯವೂ ಇಲ್ಲಿ ಕಡಿಮೆ. ಆ ವಿಂಡೋದಲ್ಲಿ ಬರುವುದು ವಿಡಿಯೋ ಚಿತ್ರ ಮಾತ್ರ. ಪಾಸ್‌ವರ್ಡ್ ಡಬ್ಬಿಯನ್ನು ಸೈಟ್ ಅಲ್ಲಿ ಇಡಲಾರದು, ನೀವು ಅದರೊಳಗೆ ಟೈಪ್ ಮಾಡಲೂ ಆಗುವುದಿಲ್ಲ. ಆದರೆ ಕ್ಲಿಕ್ ಮಾಡಿದರೆ ನಿಲ್ಲಿಸುವ ಸೈಟ್ ಇದರಲ್ಲೂ ನಿಲ್ಲಿಸುತ್ತದೆ, ಅದಕ್ಕೆ ಇದು ಮದ್ದಲ್ಲ.

ಮ್ಯಾಕ್ ಇರುವವರಿಗೆ ಒಂದು ಮಾತು. ಮ್ಯಾಕ್‌ನ 2011ರ ಆವೃತ್ತಿಯಾದ ಲಯನ್‌ನಲ್ಲಿ ಒಂದು ಪರದೆ ಫುಲ್ ಸ್ಕ್ರೀನ್ ಮಾಡಿದರೆ ಇನ್ನೊಂದು ಪರದೆ ಬೂದು ಬಟ್ಟೆಯ ಚಿತ್ರ ಹೊದ್ದು ಯಾವ ಕೆಲಸಕ್ಕೂ ಬರುತ್ತಿರಲಿಲ್ಲ. 2013ರ ಆವೃತ್ತಿ ಮ್ಯಾವರಿಕ್ಸ್‌ನಲ್ಲಿ ಸರಿಹೋಯಿತು. ಈಗಲೂ ಇನ್ನೊಂದು ಪರದೆ ಕಪ್ಪಾದರೆ, ಡಿಸ್‌ಪ್ಲೇಗಳಿಗೆ ಬೇರೆ ಬೇರೆ ಸ್ಪೇಸ್ ಎಂಬ ಸೆಟ್ಟಿಂಗ್ ಆಫ್ ಆಗಿರುತ್ತದೆ, ಆನ್ ಮಾಡಿ, ಲಾಗ್‌ಔಟ್ ಆಗಿ ಬನ್ನಿ.

ಸೀದಾಸಾದಾ:

ಗಡಿಗೆರೆ ಅವರೇ, ಹಾಗಾದರೆ ಆ ವೈರಸ್ ಎಚ್ಚರಿಕೆ ಪುಟ ನಿಜವಾಗಿ ಬಂದುಬಿಟ್ಟರೆ ಮನೆಯಲ್ಲಿ ವಯಸ್ಸಾದವರಿಗೆ ಏನು ಹೇಳಿಕೊಡಬೇಕು? ಪಟ್ಟಿ ಇದ್ದರೂ ಅವರು ಓದುವುದು ಅಷ್ಟರಲ್ಲೇ ಇದೆ.

ಗಡಿಗೆರೆ:

ಒಳ್ಳೆಯ ಪ್ರಶ್ನೆ. ಪಟ್ಟಿಯನ್ನು ಎಲ್ಲರೂ ಓದುವುದಿಲ್ಲ ಎನ್ನುವುದೂ ನಿಜ, ಅದಕ್ಕೇ ಕೈಗೆ ಅಭ್ಯಾಸ ಮಾಡಿಸಬೇಕು. ಮೊದಲು ಎಸ್ಕೇಪ್ ಕೀಯನ್ನು ಒತ್ತಿ ಹಿಡಿಯುವುದು. ಅದಕ್ಕೂ ಹೋಗದಿದ್ದರೆ ಕಂಟ್ರೋಲ್, ಆಲ್ಟ್, ಡಿಲೀಟ್ ಮೂರನ್ನೂ ಒಟ್ಟಿಗೆ. ಈ ಮೂರು ಕೀಗಳ ಒತ್ತು ನೇರ ವಿಂಡೋಸ್‌ಗೇ ಹೋಗುತ್ತದೆ, ಯಾವ ವೆಬ್ ಪುಟಕ್ಕೂ ಅದು ಸಿಗುವುದಿಲ್ಲ. ಹಾಗಾಗಿ ವಿಂಡೋಸ್‌ನ ನಿಜವಾದ ಪರದೆ ಬಂದೇ ಬರುತ್ತದೆ. ಅಲ್ಲಿ ಟಾಸ್ಕ್ ಮ್ಯಾನೇಜರ್ ಒತ್ತಿ ಬ್ರೌಸರ್ ಮುಚ್ಚಿದರೆ ಆಯಿತು. ಮತ್ತೆ ತೆರೆದಾಗ "ಹಳೆಯ ಪುಟಗಳನ್ನು ತರಬೇಕಾ" ಎಂದು ಕೇಳಿದರೆ ಬೇಡ ಅನ್ನಬೇಕು.

ನನ್ನ ಅಮ್ಮನಿಗೆ ಹೇಳಿಕೊಟ್ಟಿದ್ದೂ ಇದನ್ನೇ. ಯೂಟ್ಯೂಬ್‌ನಲ್ಲಿ ಒಂದು ವಿಡಿಯೋ ಫುಲ್ ಸ್ಕ್ರೀನ್ ಮಾಡಿ ಕೊಟ್ಟು, ಆ ಮೂರು ಕೀ ಅವರ ಕೈಯಲ್ಲೇ ಒತ್ತಿಸಿದೆ. ಎಡಗೈಯಲ್ಲಿ ಎರಡು, ಬಲಗೈಯಲ್ಲಿ ಡಿಲೀಟ್. ಬಾಯಲ್ಲಿ ಹೇಳಿದರೆ ಹೆದರಿಕೆಯ ಹೊತ್ತಿನಲ್ಲಿ ನೆನಪಾಗುವುದಿಲ್ಲ. ಪರದೆಯಲ್ಲಿ ಕಾಣುವ ನಂಬರಿಗೆ ಯಾವ ಕಾರಣಕ್ಕೂ ಫೋನ್ ಮಾಡಬಾರದು, ಯಾರೋ ಹೇಳಿದ ಆ್ಯಪ್ ಹಾಕಬಾರದು. ಅಕಸ್ಮಾತ್ ದುಡ್ಡು ಹೋಗಿದ್ದರೆ ತಡಮಾಡದೆ ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ಕರೆ ಮಾಡಿ, ಬ್ಯಾಂಕಿಗೂ ತಿಳಿಸಿ.

ಕಾಫಿಬೀಜ:

ಇವತ್ತು ರಾತ್ರಿ ಅಪ್ಪನಿಗೂ ಮಾಡಿಸುತ್ತೇನೆ. ಪಿಕ್ಚರ್ ಇನ್ ಪಿಕ್ಚರ್ ಚೆನ್ನಾಗಿ ಕೆಲಸ ಮಾಡುತ್ತಿದೆ, ತುಂಗಾತೀರ ಅವರಿಗೆ ಥ್ಯಾಂಕ್ಸ್. ಎಕ್ಸ್‌ಟೆನ್ಷನ್ ಹಾಕುವುದಿಲ್ಲ. ಕೋರ್ಸ್ ಸೈಟಿನವರಿಗೆ ಮೇಲ್ ಬರೆದಿದ್ದೇನೆ: ನೋಟ್ಸ್ ಬರೆದುಕೊಳ್ಳುವವರ ವಿಡಿಯೋ ನಿಲ್ಲಿಸಬೇಡಿ, ಇಲ್ಲವಾದರೆ ಅದನ್ನು ಆಫ್ ಮಾಡಲು ಒಂದು ಬಟನ್ ಕೊಡಿ ಎಂದು. ಉತ್ತರ ಬಂದರೆ ಇಲ್ಲೇ ಹಾಕುತ್ತೇನೆ.

ಹಳೇಕೀಬೋರ್ಡ್:

ಹಾಕಿ. ಇನ್ನೊಂದು, ಮನೆಯಲ್ಲಿ ಬೇರೆ ಯಾರಾದರೂ ಆ ವಿಂಡೋ ಅನುಮತಿಗೆ ಹಿಂದೆ ಯಾವತ್ತೋ ಹೂಂ ಅಂದಿರಬಹುದು. ಕ್ರೋಮ್ ಸೆಟ್ಟಿಂಗ್ಸ್‌ನಲ್ಲಿ ಪ್ರೈವೆಸಿ, ಅದರೊಳಗೆ ಸೈಟ್ ಸೆಟ್ಟಿಂಗ್ಸ್, ಅಲ್ಲಿ ವಿಂಡೋ ಮ್ಯಾನೇಜ್‌ಮೆಂಟ್ ಎಂದು ಇದೆ. ಅಲ್ಲಿ ಗುರುತಿಲ್ಲದ ಸೈಟ್ ಇದ್ದರೆ ತೆಗೆದುಹಾಕಿ.